ಲಸಿಕೆ ಹಾಕಿದ್ದರೂ ಕೊಕ್ಕರೆ ರೋಗ ಬಂತೇಕೆ? ವೈರಸ್ಸಿನ ಮನೆತನ ಬೇರೆ, ಮಾರಕತೆ ಬೇರೆ

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಮಸ್ಕಾರ್ರಿ. ನಾವು ಮೂಲ ಇಂಡಿ ತಾಲೂಕಿನವ್ರು. ಈಗ ಪುಣೆ ಜಿಲ್ಲಾ ಶಿರೂರ ಕಡೆ ಹೊಲ ಮಾಡ್ಕೊಂಡು 800 ಜವಾರಿ ಕೋಳಿ ಸಾಕೀವಿ. ಒಂಬತ್ತು ದಿನದಾಗ 430 ಸತ್ತುಹೋದ್ವು. ಹಸಿರು ಹಿಕ್ಕಿ, ಬಾಯಿ ತಕ್ಕೊಂಡು ಉಸಿರಾಡೂದು, ಆಮ್ಯಾಲ ಕುತಗಿ ತಿರುವಿ ಬೀಳೂದು. ಇಲ್ಲೆ ಮಂದಿ ಮಾನಮೋಡಿ ಅಂತಾರ, ನಮ್ಮ ಕಡೆ ಕೊಕ್ಕರೆ ರೋಗ. ಲಸೋಟಾ ಲಸಿಕೆ ಎರಡು ಸಲ ನೀರಾಗ ಹಾಕಿದ್ದೆ. ಪುಣೆಯಿಂದ ಬೈಕಿನ ಮ್ಯಾಲ ತಂದಿದ್ದೆ. ನೀರು ಟ್ಯಾಂಕರಿಂದು. ರೋಗ ಬರೂದಕ್ಕ ವಾರದ ಮುಂಚೆ ಸಂತಿಯಿಂದ 40 ಹುಂಜ ತಂದು ಬಿಟ್ಟಿದ್ದೆ. ಲ್ಯಾಬಿನವ್ರು ಹಕ್ಕಿ ಜ್ವರ ಅಲ್ಲ ಅಂತ ಹೇಳಿ, ‘ರಾಣಿಖೇತ್, ವೆಲೋಜೆನಿಕ್, ಜೀನೋಟೈಪ್ 13’ ಅಂತ ಬರದಾರ. ಔಷಧಿ ಅಂಗಡಿಯವ್ರು ‘ವೈರಸ್ ಬದಲಾಗೇತಿ, ಹಳೀ ಲಸಿಕೆ ಇನ್ನ ನಡ್ಯಾಂಗಿಲ್ಲ’ ಅಂತಾರ. ಆದ್ರ ಬಾಜೂ ಹೊಲದವ್ರ 250 ಕೋಳಿಯೊಳಗ ಬರೇ 11 ಸತ್ತಾವು. ಅವರು ಹಾಕಿದ್ದೂ ಲಸೋಟಾನೇ, ಕಣ್ಣಿಗೆ ಹನಿ ಹಾಕ್ತಾರಂತ. ಅವ್ರಿಗೆ ಬಂದಿದ್ದು ಬ್ಯಾರೆ ವೈರಸ್ ಏನ್ರಿ? ನಾವು ಲಸಿಕೆ ಬದಲಿಸಬೇಕೇನು? ಸತ್ತ ಕೋಳಿ ತಗದ ಮ್ಯಾಲ ನಮ್ಮ ಮನಿಯವ್ರ ಒಂದು ಕಣ್ಣು ಕೆಂಪಾಗೇತಿ. ಅದಕ್ಕೂ ಇದಕ್ಕೂ ಸಂಬಂಧ ಐತೇನು?

ಉತ್ತರ: ಮೊದಲು ನಿಮ್ಮ ಮನೆಯವರ ಕಣ್ಣಿನ ವಿಷಯ. ಸಂಬಂಧ ಇರಬಹುದು. ರಾಣಿಖೇತ್ ವೈರಸ್ಸು ಮನುಷ್ಯರಿಗೆ ಸಾಮಾನ್ಯವಾಗಿ ಕೊಡುವ ತೊಂದರೆ ಇದೊಂದೇ: ಕೋಳಿ ಮುಟ್ಟಿದ ಕೈ ಕಣ್ಣಿಗೆ ತಾಗಿದರೆ ಕಣ್ಣು ಕೆಂಪಾಗಿ, ಊದಿ, ನೀರು ಸುರಿಯುತ್ತದೆ. ಲಸಿಕೆ ಹಾಕುವ ಕೆಲಸಗಾರರಿಗೂ ಲ್ಯಾಬಿನವರಿಗೂ ಇದು ಹೊಸದಲ್ಲ. ಸುಮಾರು ಒಂದು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೂ ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ, ಕೋಳಿ ಸತ್ತ ವಿಷಯವನ್ನು ಮುಚ್ಚಿಡದೆ ಹೇಳಿ. ಜ್ವರ, ಕೆಮ್ಮು, ಉಸಿರಾಟದ ತೊಂದರೆ ಕಾಣಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇನ್ನು ಮುಂದೆ ಸತ್ತ ಕೋಳಿ ಎತ್ತುವಾಗ ಕೈಗವಸು, ಮಾಸ್ಕ್, ಕನ್ನಡಕ ಇಲ್ಲದೆ ಯಾರೂ ಶೆಡ್ಡಿನೊಳಗೆ ಕಾಲಿಡಬಾರದು.

ಈಗ ಕೋಳಿಗಳ ಮಾತು. ಪಕ್ಕದ ಹೊಲಕ್ಕೆ ಬಂದದ್ದೂ ನಿಮ್ಮ ಹೊಲಕ್ಕೆ ಬಂದದ್ದೂ ಒಂದೇ ವೈರಸ್ ಆಗಿರುವ ಸಂಭವವೇ ಹೆಚ್ಚು. ನನ್ನ ತೀರ್ಮಾನ ಏನೆಂದರೆ ನಿಮ್ಮಲ್ಲಿ ಲಸೋಟಾ ಸೋತಿಲ್ಲ, ಲಸೋಟಾ ನಿಮ್ಮ ಕೋಳಿಗಳ ಮೈಗೆ ಸೇರಿಯೇ ಇಲ್ಲ. ಅಂಗಡಿಯವರು ‘ವೈರಸ್ ಬದಲಾಗಿದೆ’ ಅಂದದ್ದು ಸುಳ್ಳಲ್ಲ. ಅದು ಬದಲಾಗುತ್ತಲೇ ಇರುತ್ತದೆ. ಆದರೆ ಆ ಬದಲಾವಣೆಯಿಂದ ಅವರು ಎಳೆದ ತೀರ್ಮಾನ ತಪ್ಪು. ನಿಮ್ಮ ವರದಿಯಲ್ಲಿರುವ ‘ಜೀನೋಟೈಪ್ 13’ ಮತ್ತು ‘ವೆಲೋಜೆನಿಕ್’ ಎಂಬ ಎರಡು ಪದಗಳು ಎರಡು ಬೇರೆಬೇರೆ ಪ್ರಶ್ನೆಗಳಿಗೆ ಉತ್ತರ. ಇವೆರಡನ್ನೂ ಒಂದೇ ಎಂದು ಓದಿದಾಗ ರೈತನ ದುಡ್ಡು ಬೇಡದ ಕಡೆ ಖರ್ಚಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಈ ರೋಗ ಮೊದಲು ಗುರುತಾದದ್ದು 1926ರಲ್ಲಿ, ಜಾವಾ ದ್ವೀಪದಲ್ಲಿ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ. ಮರುವರ್ಷವೇ ನಮ್ಮ ಕುಮಾವೂಂ ಬೆಟ್ಟಗಳ ರಾಣಿಖೇತ್‌ನಲ್ಲಿ ಕಾಣಿಸಿತು. ಹೊರದೇಶಗಳಲ್ಲಿ ನ್ಯೂಕ್ಯಾಸಲ್ ಎಂದೂ ನಮ್ಮಲ್ಲಿ ರಾಣಿಖೇತ್ ಎಂದೂ ಹೆಸರಾದದ್ದು ಹೀಗೆ. ಅದೇ ಕುಮಾವೂಂನ ಮುಕ್ತೇಶ್ವರದಲ್ಲಿದ್ದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಆರ್2ಬಿ ಲಸಿಕೆಯ ತಳಿ ತಯಾರಾಯಿತು. ಇಂದಿಗೂ ನಮ್ಮ ರೈತರು ಎಂಟು ವಾರ ದಾಟಿದ ಕೋಳಿಗೆ ಚುಚ್ಚುವುದು ಅದನ್ನೇ. ಲಸೋಟಾ ತಳಿಯೂ ಅದೇ ಕಾಲದ್ದು, 1946ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಕೋಳಿ ಫಾರ್ಮಿನಿಂದ ಬಂದದ್ದು.

ವೈರಸ್ಸಿನ ಒಟ್ಟು ಬರಹ ಸುಮಾರು 15,200 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಪ್ರತಿ ತೆಗೆಯುವಾಗ ಅಕ್ಷರ ತಪ್ಪಾದರೆ ತಿದ್ದುವ ವ್ಯವಸ್ಥೆ ಅದಕ್ಕೆ ಇಲ್ಲ. ಹೀಗೆ ದಶಕಗಟ್ಟಲೆ ತಪ್ಪುಗಳು ಕೂಡಿಕೊಂಡು ಕವಲು ಕವಲಾಗಿ ಬೆಳೆದಿದೆ. ಆ ಕವಲುಗಳೇ ಜೀನೋಟೈಪ್. 2019ರಲ್ಲಿ ವಿಜ್ಞಾನಿಗಳು ಕೂಡಿ ಮಾಡಿಕೊಂಡ ವರ್ಗೀಕರಣದ ಪ್ರಕಾರ, ಎಫ್ ಎಂಬ ಒಂದು ಜೀನಿನ ಅಕ್ಷರಗಳಲ್ಲಿ ಸರಾಸರಿ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅದು ಬೇರೆ ಜೀನೋಟೈಪ್. ಲಸೋಟಾ ಎರಡನೇ ಜೀನೋಟೈಪಿನದು, ಆರ್2ಬಿ ಮೂರನೆಯದು, ಪಾರಿವಾಳಗಳಲ್ಲಿ ಹೆಚ್ಚಾಗಿ ಸಿಗುವುದು ಆರನೆಯದು, ಭಾರತದ ಕೋಳಿ ಹಿಂಡುಗಳಲ್ಲಿ ಈಚಿನ ವರ್ಷಗಳಲ್ಲಿ ಮತ್ತೆಮತ್ತೆ ಸಿಗುತ್ತಿರುವುದು ಹದಿಮೂರನೆಯದು. ನಿಮ್ಮ ಶೆಡ್ಡಿಗೆ ಬಂದದ್ದು ಎಲ್ಲಿಂದಲೋ ಉದುರಿದ ಹೊಸ ಪಿಡುಗಲ್ಲ, ಈ ಸೀಮೆಯಲ್ಲೇ ಓಡಾಡಿಕೊಂಡಿರುವ ವೈರಸ್.

ಜೀನೋಟೈಪ್ ಎಂದರೆ ಮನೆತನದ ಅಡ್ಡಹೆಸರು ಇದ್ದ ಹಾಗೆ. ಯಾರ ಪೈಕಿ, ಯಾವ ಊರಿನ ಕಡೆಯವರು ಎಂದು ಅದರಿಂದ ತಿಳಿಯುತ್ತದೆ. ಮನುಷ್ಯ ಸಿಟ್ಟಿನವನೋ ಸಮಾಧಾನಿಯೋ ಎಂಬುದು ತಿಳಿಯುವುದಿಲ್ಲ. ಲಸೋಟಾ ಇರುವ ಅದೇ ಎರಡನೇ ಜೀನೋಟೈಪಿನಲ್ಲಿ ಹಿಂಡಿಗೆ ಹಿಂಡನ್ನೇ ಕೊಲ್ಲುವ ತಳಿಗಳೂ ಇವೆ.

ಹಾಗಾದರೆ ಸಿಟ್ಟು ಎಲ್ಲಿದೆ? ಬಹುಪಾಲು ಒಂದೇ ಜಾಗದಲ್ಲಿ. ಇದನ್ನು ಹತ್ತಿರದಿಂದ ನೋಡಬೇಕು.

ವೈರಸ್ಸಿನ ಹೊರಮೈ ಮೇಲೆ ಎಫ್ ಪ್ರೋಟೀನ್ ಎಂಬುದೊಂದಿದೆ. ಕೋಳಿಯ ಜೀವಕೋಶಕ್ಕೆ ಅಂಟಿಕೊಂಡ ಮೇಲೆ ಒಳಗೆ ನುಗ್ಗಲು ದಾರಿ ಮಾಡುವುದು ಇದೇ. ಇದು ಹುಟ್ಟುವಾಗ ಕೆಲಸಕ್ಕೆ ಬಾರದ ಇಡೀ ತುಂಡಾಗಿ ಹುಟ್ಟುತ್ತದೆ. ಒಂದು ನಿರ್ದಿಷ್ಟ ಜಾಗದಲ್ಲಿ ಕತ್ತರಿಸಿ ಎರಡು ಭಾಗ ಮಾಡಿದರೆ ಮಾತ್ರ ಅದಕ್ಕೆ ಶಕ್ತಿ ಬರುತ್ತದೆ. ಕತ್ತರಿಸುವ ಸಾಮಾನು ವೈರಸ್ಸಿನ ಬಳಿ ಇಲ್ಲ, ಕೋಳಿಯ ಮೈಯಲ್ಲಿರುವ ಕಿಣ್ವಗಳೇ ಆ ಕೆಲಸ ಮಾಡಿಕೊಡಬೇಕು. ಪ್ರೋಟೀನ್ ಎಂದರೆ ಅಮೈನೋ ಆಮ್ಲ ಎಂಬ ತುಣುಕುಗಳ ಸರಪಳಿ. ಆ ಜಾಗ ಈ ಸರಪಳಿಯ 112ರಿಂದ 117ನೇ ತುಣುಕಿನವರೆಗಿನ ಆರು ಸ್ಥಾನಗಳು. ಒಂದೊಂದು ತುಣುಕಿಗೂ ಒಂದು ಇಂಗ್ಲಿಷ್ ಅಕ್ಷರದ ಗುರುತು. ಲಸೋಟಾದಲ್ಲಿ ಅಲ್ಲಿ ಜಿ-ಆರ್-ಕ್ಯೂ-ಜಿ-ಆರ್-ಎಲ್ ಎಂದಿರುತ್ತದೆ. ಕೊಲ್ಲುವ ತಳಿಗಳಲ್ಲಿ ಸಾಮಾನ್ಯವಾಗಿ ಆರ್-ಆರ್-ಕ್ಯೂ-ಕೆ-ಆರ್-ಎಫ್, ಇಲ್ಲವೇ ಕೆ ಇದ್ದಲ್ಲಿ ಇನ್ನೊಂದು ಆರ್. ಆರ್ ಎಂದರೆ ಆರ್ಜಿನಿನ್, ಕೆ ಎಂದರೆ ಲೈಸಿನ್. ಎರಡೂ ಕ್ಷಾರ ಗುಣದವು.

ಲಸೋಟಾದ ಬರಹವನ್ನು ಕತ್ತರಿಸಬಲ್ಲ ಟ್ರಿಪ್ಸಿನ್ ತರಹದ ಕಿಣ್ವಗಳು ಕೋಳಿಯ ಉಸಿರಾಟದ ನಾಳದಲ್ಲಿ, ಕರುಳಿನಲ್ಲಿ ಮಾತ್ರ ಸಿಗುತ್ತವೆ. ಆದ್ದರಿಂದ ಲಸೋಟಾ ಅಲ್ಲಲ್ಲೇ ಸ್ವಲ್ಪ ಬೆಳೆದು, ಒಂದೆರಡು ಸೀನು ತರಿಸಿ, ಮೈಯಲ್ಲಿ ನಿರೋಧಕ ಶಕ್ತಿ ಹುಟ್ಟಿಸಿ ಸುಮ್ಮನಾಗುತ್ತದೆ. ಕ್ಷಾರ ಅಕ್ಷರಗಳು ಒತ್ತೊತ್ತಾಗಿ ಬಂದ ಆ ಇನ್ನೊಂದು ಬರಹವನ್ನು ಫ್ಯೂರಿನ್ ಎಂಬ ಕಿಣ್ವ ಕತ್ತರಿಸುತ್ತದೆ. ಫ್ಯೂರಿನ್ ಇಲ್ಲದ ಅಂಗ ಕೋಳಿಯಲ್ಲಿ ಇಲ್ಲವೆಂದೇ ಹೇಳಬಹುದು. ಹಾಗಾಗಿ ಆ ತಳಿ ಗುಲ್ಮ, ಹೃದಯ, ಕರುಳು, ಮೆದುಳು ಎಲ್ಲ ಕಡೆ ಬೆಳೆಯುತ್ತದೆ. ನೀವು ಕಂಡ ಹಸಿರು ಹಿಕ್ಕೆ ಕರುಳಿನದು, ಬಾಯಿ ತೆರೆದ ಉಸಿರು ಶ್ವಾಸನಾಳದ್ದು, ತಿರುಚಿದ ಕುತ್ತಿಗೆ ಮೆದುಳಿನದು. ಸತ್ತ ಕೋಳಿಯನ್ನು ಕೊಯ್ದು ನೋಡಿದ್ದರೆ ಗಿಜರ್ಡಿಗೆ ಮುಂಚೆ ಬರುವ ಹೊಟ್ಟೆಯ ಒಳಪದರದಲ್ಲಿ ರಕ್ತದ ಚುಕ್ಕೆಗಳೂ ಕಂಡಿರುತ್ತಿದ್ದವು.

ಇದು ಬರೀ ಊಹೆಯಲ್ಲ. 1999ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಲಸೋಟಾದ ಇಡೀ ಬರಹವನ್ನು ಲ್ಯಾಬಿನಲ್ಲಿ ಕಟ್ಟಿ, ಈ ಆರು ಸ್ಥಾನಗಳಲ್ಲಿ ಮಾತ್ರ ಕೊಲ್ಲುವ ತಳಿಯ ಅಕ್ಷರಗಳನ್ನು ಕೂರಿಸಿದರು. ಮಿಕ್ಕದ್ದೆಲ್ಲ ಲಸೋಟಾವೇ. ಮಾರಕತೆಯ ಸೂಚ್ಯಂಕ ಸೊನ್ನೆಯಿಂದ 1.28ಕ್ಕೆ ಏರಿತು. ಈ ಸೂಚ್ಯಂಕದ ತುದಿ 2. ಅಂದರೆ ಆರು ಸ್ಥಾನಗಳಿಂದಲೇ ಅರ್ಧಕ್ಕಿಂತ ಹೆಚ್ಚು ದೂರ ಬಂತು, ಆದರೆ ಪೂರ್ತಿ ಬರಲಿಲ್ಲ. ಉಳಿದ ದೂರಕ್ಕೆ ಬೇರೆ ಜೀನುಗಳ ಕೈವಾಡ ಬೇಕು: ಕೋಶಕ್ಕೆ ಅಂಟಿಕೊಳ್ಳುವ ಎಚ್‌ಎನ್ ಪ್ರೋಟೀನ್, ಕೋಳಿಯ ಮೊದಲ ಸಾಲಿನ ರಕ್ಷಣೆಯಾದ ಇಂಟರ್‌ಫೆರಾನನ್ನು ಅಡಗಿಸುವ ವಿ ಪ್ರೋಟೀನ್, ಪ್ರತಿ ತೆಗೆಯುವ ಯಂತ್ರಾಂಗ.

ಲ್ಯಾಬಿನಲ್ಲಿ ಮನುಷ್ಯ ಮಾಡಿದ್ದನ್ನು ಪ್ರಕೃತಿಯೇ ಮಾಡಿ ತೋರಿಸಿದ್ದು ಆಸ್ಟ್ರೇಲಿಯದಲ್ಲಿ. ಅಲ್ಲಿನ ಕೋಳಿಗಳಲ್ಲಿ ಸೌಮ್ಯವಾದೊಂದು ತಳಿ ಯಾರಿಗೂ ತೊಂದರೆ ಕೊಡದೆ ಓಡಾಡಿಕೊಂಡಿತ್ತು. ಆರ್-ಆರ್-ಕ್ಯೂ-ಜಿ-ಆರ್-ಎಲ್ ಎಂಬ ಅದರ ಬರಹ ಎರಡೇ ಎರಡು ಅಕ್ಷರದ ತಪ್ಪಿನಿಂದ ಆರ್-ಆರ್-ಕ್ಯೂ-ಆರ್-ಆರ್-ಎಫ್ ಆಯಿತು. 1998ರಿಂದ 2000ದವರೆಗೆ ಸಿಡ್ನಿಯ ಸುತ್ತಮುತ್ತ ರೋಗ ಎದ್ದು, ದೊಡ್ಡ ಸಂಖ್ಯೆಯಲ್ಲಿ ಕೋಳಿಗಳನ್ನು ಕೊಂದು ಹೂಳಬೇಕಾಯಿತು. ಮನೆತನ ಹಿಂದಿನದೇ ಉಳಿದು ಮಾರಕತೆ ಮಾತ್ರ ಹೊಸದಾಗಿ ಹುಟ್ಟಿತ್ತು. ಇದನ್ನು ಕೇಳಿ ಲಸೋಟಾ ಲಸಿಕೆಯೂ ಹೀಗೇ ತಿರುಗಿಬಿದ್ದರೆ ಎಂದು ಹೆದರಬೇಡಿ. ಲಸೋಟಾದಲ್ಲಿ 112, 115, 117 ಮೂರೂ ಸ್ಥಾನ ಬದಲಾಗಬೇಕು. ಅದು ಆಸ್ಟ್ರೇಲಿಯದ ತಳಿಯಷ್ಟು ಅಂಚಿನಲ್ಲಿ ನಿಂತಿಲ್ಲ.

ಪಾರಿವಾಳದ ಮಾತನ್ನೂ ಹೇಳಲೇಬೇಕು, ಪುಣೆಯಲ್ಲಿ ಪಾರಿವಾಳ ಕೂರದ ಕಿಟಕಿ ಇಲ್ಲ. ಪಾರಿವಾಳದ ತಳಿಗಳಲ್ಲಿ ಕತ್ತರಿಸುವ ಜಾಗದ ಬರಹ ಕೊಲ್ಲುವ ತಳಿಯದೇ. ಆದರೂ ಅವನ್ನು ಕೋಳಿಗೆ ಕೊಟ್ಟಾಗ ಎಷ್ಟೋ ಸಲ ರೋಗ ಸೌಮ್ಯವಾಗಿಯೇ ಮುಗಿಯುತ್ತದೆ. ಆ ಆರು ಸ್ಥಾನಗಳೇ ಸರ್ವಸ್ವವಲ್ಲ ಎಂಬುದಕ್ಕೆ ಇದೂ ಸಾಕ್ಷಿ. ಹಾಗೆಂದು ಸದರ ಕೊಡುವಂತಿಲ್ಲ. ಒಂದು ಕೋಳಿಯಿಂದ ಇನ್ನೊಂದಕ್ಕೆ ದಾಟುತ್ತಾ ಹೋದಂತೆ ಈ ತಳಿಗಳ ಉಗ್ರತೆ ಏರಬಲ್ಲದು. 1984ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನ ಗೋದಾಮಿನಲ್ಲಿ ಪಾರಿವಾಳದ ಹಿಕ್ಕೆ ಬಿದ್ದ ಧಾನ್ಯ ಕೋಳಿ ಆಹಾರಕ್ಕೆ ಸೇರಿ, ಹಲವು ಫಾರ್ಮುಗಳಲ್ಲಿ ರಾಣಿಖೇತ್ ಎದ್ದಿತ್ತು. ನಿಮ್ಮ ಫೀಡ್ ಚೀಲಗಳು ಮೇಲ್ಮುಚ್ಚಿಗೆ ಇಲ್ಲದ ಪಡಸಾಲೆಯಲ್ಲಿದ್ದರೆ ಇವತ್ತೇ ಒಳಗಿಟ್ಟು ಬಲೆ ಕಟ್ಟಿ.

ಇನ್ನು ‘ವೆಲೋಜೆನಿಕ್’. ರಾಣಿಖೇತ್ ತಳಿಗಳನ್ನು ಸೌಮ್ಯ, ಮಧ್ಯಮ, ಉಗ್ರ ಎಂದು ಮೂರು ಮಾಡುತ್ತಾರೆ. ಲ್ಯಾಬಿನ ಮಾತಿನಲ್ಲಿ ಲೆಂಟೋಜೆನಿಕ್, ಮೆಸೋಜೆನಿಕ್, ವೆಲೋಜೆನಿಕ್. ಇದನ್ನು ಅಳೆಯುವ ಕಟ್ಟುನಿಟ್ಟಿನ ವಿಧಾನ ಎಂದರೆ ಯಾವ ಸೋಂಕೂ ತಾಗದ ಹಿಂಡಿನ, ಹುಟ್ಟಿ ಒಂದು ದಿನವಾದ ಹತ್ತು ಮರಿಗಳ ಮೆದುಳಿಗೆ ವೈರಸ್ ಚುಚ್ಚಿ ಎಂಟು ದಿನ ನೋಡುವುದು. ದಿನಕ್ಕೊಮ್ಮೆ ಪ್ರತಿ ಮರಿಗೂ ಅಂಕ: ಚೆನ್ನಾಗಿದ್ದರೆ 0, ಕಾಯಿಲೆ ಬಿದ್ದರೆ 1, ಸತ್ತರೆ 2. ಕೊನೆಗೆ ಸರಾಸರಿ. ಮೇಲೆ ಹೇಳಿದ 1.28 ಇದೇ ಲೆಕ್ಕದ್ದು. 0.7 ಅಥವಾ ಅದಕ್ಕೂ ಹೆಚ್ಚು ಬಂದರೆ, ಇಲ್ಲವೇ ಕತ್ತರಿಸುವ ಜಾಗದ ಬರಹ ಕೊಲ್ಲುವ ತಳಿಯದಾಗಿದ್ದರೆ, ಅಂತಾರಾಷ್ಟ್ರೀಯ ಪ್ರಾಣಿ ಆರೋಗ್ಯ ಸಂಸ್ಥೆಯ ಪ್ರಕಾರ ಅದು ಮಾರಕ ತಳಿ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಇದು ಯಾವ ರಕ್ಷಣೆಯೂ ಇಲ್ಲದ ಎಳೆ ಮರಿಯ ಮೇಲೆ ವೈರಸ್ಸಿನ ಬಲವನ್ನು ಅಳೆಯುವ ಪರೀಕ್ಷೆ. ಲಸಿಕೆ ಸರಿಯಾಗಿ ಹತ್ತಿದ ಕೋಳಿಯ ಮೇಲೆ ಅದು ಏನು ಮಾಡುತ್ತದೆ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಎರಡು, ನಿಮ್ಮ ಲ್ಯಾಬ್ ಪಿಸಿಆರ್ ಮಾಡಿ ಬರಹ ಓದಿ ವರದಿ ಕೊಟ್ಟಿದ್ದರೆ ಅದರಿಂದ ‘ಮಾರಕ ತಳಿ’ ಎಂದಷ್ಟೇ ಹೇಳಬಹುದು. ಮಧ್ಯಮವೋ ಉಗ್ರವೋ ಎಂದು ಬರಹ ಒಂದರಿಂದಲೇ ಬೇರ್ಪಡಿಸಲು ಬರುವುದಿಲ್ಲ. ನಿಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಕೋಳಿ ಸತ್ತಿರುವುದರಿಂದ ‘ಉಗ್ರ’ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಎಲ್ಲ ವರದಿಗಳನ್ನೂ ಹೀಗೆ ಒಪ್ಪಲಾಗದು. ಆರ್2ಬಿ ಲಸಿಕೆಯ ತಳಿಯೇ ಮಧ್ಯಮ ವರ್ಗದ್ದು, ಅದರ ಕತ್ತರಿಸುವ ಜಾಗದ ಬರಹವೂ ಕೊಲ್ಲುವ ತಳಿಯದೇ. ಈಚೆಗೆ ಆರ್2ಬಿ ಚುಚ್ಚಿದ ಹಿಂಡು ಬೇರೆ ಯಾವುದೋ ಕಾರಣಕ್ಕೆ ಸತ್ತು, ಮಾದರಿ ಲ್ಯಾಬಿಗೆ ಹೋದರೆ ಆ ಆರು ಸ್ಥಾನ ಓದಿ ‘ಮಾರಕ ರಾಣಿಖೇತ್’ ಎಂದು ಬರೆದುಬಿಡುವ ಅಪಾಯ ಇದೆ. ಮನೆತನ ನಿಜಕ್ಕೂ ಉಪಯೋಗಕ್ಕೆ ಬರುವುದು ಇಂಥ ಕಡೆ: ಮೂರನೇ ಜೀನೋಟೈಪ್ ಎಂದರೆ ಲಸಿಕೆಯದೇ ಇರಬೇಕೆಂಬ ಅನುಮಾನ, ಹದಿಮೂರು ಎಂದರೆ ಹೊರಗಿನಿಂದ ಬಂದದ್ದು. ನಿಮ್ಮದು ಹೊರಗಿನಿಂದಲೇ ಬಂದಿದೆ. ಮಾದರಿ ಕಳಿಸುವಾಗ ಯಾವ ಲಸಿಕೆ ಯಾವ ದಿನ ಹಾಕಿದ್ದೀರಿ ಎಂದು ಚೀಟಿಯಲ್ಲಿ ಬರೆಯಲೇಬೇಕೆಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಲಸೋಟಾ ಎರಡನೇ ಮನೆತನ, ಬಂದ ವೈರಸ್ ಹದಿಮೂರನೇ ಮನೆತನ. ಹಾಗಿದ್ದೂ ರಕ್ಷಣೆ ಸಿಗುತ್ತದೆಯೇ? ಸಿಗುತ್ತದೆ. ಜೀನೋಟೈಪ್‌ಗಳು ಎಷ್ಟೇ ಇರಲಿ, ರಾಣಿಖೇತ್ ವೈರಸ್ಸಿನ ಸೀರೋಟೈಪ್, ಅಂದರೆ ಪ್ರತಿಕಾಯಗಳ ಕಣ್ಣಿಗೆ ಕಾಣುವ ಬಗೆ, ಒಂದೇ. ಒಂದು ತಳಿಗೆ ಎದ್ದ ಪ್ರತಿಕಾಯಗಳು ಇನ್ನೊಂದನ್ನೂ ಹಿಡಿಯುತ್ತವೆ. ಲಸೋಟಾ ಚೆನ್ನಾಗಿ ಹತ್ತಿದ ಕೋಳಿಗಳಿಗೆ ಹೊಸ ಜೀನೋಟೈಪಿನ ಉಗ್ರ ತಳಿ ಕೊಟ್ಟ ಪ್ರಯೋಗಗಳಲ್ಲಿ ಬಹುತೇಕ ಕೋಳಿಗಳು ಬದುಕಿವೆ. ವ್ಯತ್ಯಾಸ ಕಾಣುವುದು ಬೇರೆ ಕಡೆ. ಬದುಕಿದ ಕೋಳಿಯೂ ಕೆಲವು ದಿನ ಬಾಯಿಂದ, ಹಿಕ್ಕೆಯಿಂದ ವೈರಸ್ ಉದುರಿಸುತ್ತಿರುತ್ತದೆ. ಲಸಿಕೆಯ ಮನೆತನ ಬಂದ ವೈರಸ್ಸಿನದೇ ಆಗಿದ್ದರೆ ಹೀಗೆ ಉದುರುವ ಪ್ರಮಾಣ ಕಡಿಮೆ. ಚೀನಾದಲ್ಲಿ ಏಳನೇ ಜೀನೋಟೈಪಿನ ತಳಿಯ ಕತ್ತರಿಸುವ ಜಾಗವನ್ನು ಸೌಮ್ಯ ಬರಹಕ್ಕೆ ತಿದ್ದಿ ಲಸಿಕೆ ಮಾಡಿದ್ದು ಈ ಕಾರಣಕ್ಕೆ. ಸಾವಿರಾರು ಕೋಳಿಗಳ ಶೆಡ್ಡುಗಳು ಒತ್ತೊತ್ತಾಗಿರುವ ಕಡೆ ಅದು ದೊಡ್ಡ ಲಾಭ, ನಮ್ಮಲ್ಲಿಯೂ ಅಂಥ ಲಸಿಕೆ ಬೇಕೆಂದೇ ನನ್ನ ಅಭಿಪ್ರಾಯ. ಆದರೆ 800ರಲ್ಲಿ 430 ಸಾಯುವುದಕ್ಕೆ ಈ ವ್ಯತ್ಯಾಸ ಕಾರಣವಾಗಲಾರದು. ಪಕ್ಕದ ಹೊಲದವರೂ ಹಾಕಿದ್ದು ಅದೇ ಹಳೇ ಲಸೋಟಾ ಎಂದು ನೀವೇ ಬರೆದಿದ್ದೀರಿ. ಅವರ 250ರಲ್ಲಿ 239 ಉಳಿದಿವೆ.

ಹಾಗಾದರೆ ನಿಮ್ಮಲ್ಲಿ ತಪ್ಪಿದ್ದೆಲ್ಲಿ? ನೀವು ಬರೆದ ಮೂರು ವಾಕ್ಯಗಳಲ್ಲೇ ಅದು ಇದೆ.

ಬೈಕಿನ ಮೇಲೆ ತಂದೆ ಅಂದಿರಿ. ಲಸೋಟಾ ಜೀವಂತ ಲಸಿಕೆ. ವಯಲ್ 2ರಿಂದ 8 ಡಿಗ್ರಿಯ ತಂಪಿನಲ್ಲೇ ಇರಬೇಕು. ಪುಣೆಯಿಂದ ಶಿರೂರಿಗೆ 65-70 ಕಿಲೋಮೀಟರ್. ಡಿಕ್ಕಿಯಲ್ಲೋ ಜೇಬಿನಲ್ಲೋ ಬಿಸಿಲಿಗೆ ಬಂದಿದ್ದರೆ ಮನೆ ಮುಟ್ಟುವ ಹೊತ್ತಿಗೆ ಅದರ ಬಲ ಎಷ್ಟು ಉಳಿದಿತ್ತೋ ಯಾರೂ ಹೇಳಲಾರರು. ಐಸ್ ಪ್ಯಾಕ್ ಹಾಕಿದ ಥರ್ಮಾಸ್ ಅಥವಾ ಸಣ್ಣ ಥರ್ಮೋಕೋಲ್ ಡಬ್ಬಿ ಇಲ್ಲದೆ ಲಸಿಕೆ ಕೊಳ್ಳಲು ಹೋಗಬೇಡಿ.

ಟ್ಯಾಂಕರ್ ನೀರು ಅಂದಿರಿ. ಟ್ಯಾಂಕರ್ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ. ಆ ಕ್ಲೋರಿನ್ ಕುಡಿಯುವ ನೀರಿನ ರೋಗಾಣುಗಳನ್ನು ಕೊಲ್ಲುವ ಹಾಗೆಯೇ ಲಸಿಕೆಯ ವೈರಸ್ಸನ್ನೂ ಕೊಲ್ಲುತ್ತದೆ. ನೀವು ಎರಡು ಸಲ ಹಾಕಿದ್ದು ಎರಡು ಸಲವೂ ಬಕೆಟ್ಟಿನಲ್ಲೇ ಸತ್ತಿದ್ದರೆ ನನಗೆ ಆಶ್ಚರ್ಯವಿಲ್ಲ. ನೀರಿನಲ್ಲೇ ಕೊಡಬೇಕಾದಾಗ ಕ್ಲೋರಿನ್ ಇಲ್ಲದ ಬಾವಿ ಅಥವಾ ಬೋರ್ ನೀರು ತೆಗೆದುಕೊಂಡು, ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕಲಸಿ, ಅರ್ಧ ಗಂಟೆ ಬಿಟ್ಟು ಆಮೇಲೆ ಲಸಿಕೆ ಬೆರೆಸಬೇಕು. ಅದಕ್ಕೆ ಮುಂಚೆ ಬೇಸಿಗೆಯಲ್ಲಿ ಒಂದು ಗಂಟೆ, ಚಳಿಗಾಲದಲ್ಲಿ ಎರಡು ಗಂಟೆ ಕೋಳಿಗಳಿಗೆ ನೀರು ತಪ್ಪಿಸಿ ಬಾಯಾರಿಸಬೇಕು. ಬೆರೆಸಿದ ನೀರು ಎರಡು ಗಂಟೆಯೊಳಗೆ ಮುಗಿಯಬೇಕು.

ಇಷ್ಟೆಲ್ಲ ಮಾಡಿದರೂ ಜವಾರಿ ಕೋಳಿಗಳಲ್ಲಿ ಇನ್ನೊಂದು ತೊಡಕು ಉಳಿಯುತ್ತದೆ. ಬೆಳಿಗ್ಗೆ ನೀರಿಟ್ಟಾಗ ನಿಮ್ಮ ಶೆಡ್ಡಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ದೊಡ್ಡ ಹುಂಜಗಳು, ಗಟ್ಟಿ ಹೇಂಟೆಗಳು ಡ್ರಿಂಕರ್ ಸುತ್ತ ನಿಂತು ಕುಕ್ಕಿ ಓಡಿಸುತ್ತವೆ. ಬಡಕಲು ಕೋಳಿಗಳು ಗೋಡೆ ಹಿಡಿದು ನಿಂತಿರುತ್ತವೆ, ಅವು ಬರುವ ಹೊತ್ತಿಗೆ ಲಸಿಕೆ ನೀರು ಖಾಲಿ. ಲಸಿಕೆಯ ನೀರಿಗೆ ಹಾಕುವ ನೀಲಿ ಬಣ್ಣದ ಮಾತ್ರೆ ಸಿಗುತ್ತದೆ. ಅದನ್ನು ಹಾಕಿದರೆ ಕುಡಿದ ಕೋಳಿಯ ನಾಲಿಗೆ ನೀಲಿಯಾಗುತ್ತದೆ. ಹತ್ತಿಪ್ಪತ್ತು ಕೋಳಿಗಳ ಬಾಯಿ ತೆರೆದು ನೋಡಿದರೆ ಎಷ್ಟಕ್ಕೆ ಲಸಿಕೆ ತಲುಪಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಕಣ್ಣಿಗೆ ಒಂದು ಹನಿ ಹಾಕಿ, ಕೋಳಿ ಕಣ್ಣು ಮಿಟುಕಿಸಿ ಹನಿ ಒಳಗಿಳಿಯುವವರೆಗೆ ಹಿಡಿದುಕೊಂಡರೆ ಈ ಯಾವ ತಾಪತ್ರಯವೂ ಇಲ್ಲ. 800 ಕೋಳಿ ಎಂದರೆ ಮೂರ್ನಾಲ್ಕು ಜನರಿಗೆ ಒಂದು ರಾತ್ರಿಯ ಕೆಲಸ. ನಿಮ್ಮ ಪಕ್ಕದವರು ಆ ಕಷ್ಟ ಪಟ್ಟಿದ್ದಾರೆ. ಅವರಿಗೂ ನಿಮಗೂ ನಡುವಿನ ವ್ಯತ್ಯಾಸ ಅಷ್ಟೇ ಎಂದು ನಾನು ನಂಬುತ್ತೇನೆ.

ಮೂರನೆಯದು ಸಂತೆಯ ಹುಂಜ. ಸೋಂಕು ತಾಗಿ ರೋಗ ಕಾಣಲು ಎರಡು ದಿನದಿಂದ ಹದಿನೈದು ದಿನದವರೆಗೂ ಹಿಡಿಯಬಹುದು, ಸಾಮಾನ್ಯವಾಗಿ ಐದಾರು ದಿನ. ನೀವು ತಂದು ಬಿಟ್ಟ ಒಂದು ವಾರಕ್ಕೆ ರೋಗ ಎದ್ದದ್ದು ಈ ಲೆಕ್ಕಕ್ಕೆ ಕೂಡುತ್ತದೆ. ಹತ್ತಾರು ಹಳ್ಳಿಗಳ ಕೋಳಿ ಒಂದೇ ಬುಟ್ಟಿಯಲ್ಲಿ ಕೂರುವ ಜಾಗ ಸಂತೆ. ಹುಂಜ ನೋಡಲು ಲಕಲಕ ಇದ್ದರೂ ವೈರಸ್ ಉದುರಿಸುತ್ತಿರಬಹುದು. ಹೊರಗಿನ ಕೋಳಿ ತರಲೇಬೇಕಾದರೆ ಮೂರು ವಾರ ಬೇರೆ ಗೂಡು, ಬೇರೆ ಬಕೆಟ್, ಬೇರೆ ಚಪ್ಪಲಿ. ಅದರ ಕೆಲಸ ದಿನದ ಕೊನೆಯಲ್ಲಿ.

ಲ್ಯಾಬಿಗೆ ಹೋಗಿ ಹಕ್ಕಿ ಜ್ವರ ಅಲ್ಲವೆಂದು ಮೊದಲು ಖಚಿತ ಮಾಡಿಕೊಂಡಿರಲ್ಲ, ಅದು ಬಹಳ ಒಳ್ಳೆಯ ಕೆಲಸ. 2006ರಲ್ಲಿ ನಮ್ಮ ದೇಶದ ಮೊದಲ ಹಕ್ಕಿ ಜ್ವರ ಇದೇ ಮಹಾರಾಷ್ಟ್ರದ ನವಾಪುರದಲ್ಲಿ ಎದ್ದಾಗ ಅಲ್ಲಿನ ಫಾರ್ಮಿನವರು ಅದನ್ನು ರಾಣಿಖೇತ್ ಎಂದೇ ತಿಳಿದಿದ್ದರು. ಕಣ್ಣಳತೆಯಲ್ಲಿ ಇವೆರಡನ್ನೂ ಬೇರ್ಪಡಿಸಲು ಯಾರಿಂದಲೂ ಸಾಧ್ಯವಿಲ್ಲ. ನಿಮ್ಮ ತಾಲ್ಲೂಕಿನ ಸರ್ಕಾರಿ ಪಶುವೈದ್ಯರಿಗೂ ಈ ವರದಿ ತಲುಪಿಸಿ. ಪುಣೆಯ ಔಂಧ್‌ನಲ್ಲಿ ಪಶುಸಂಗೋಪನಾ ಇಲಾಖೆಯ ರೋಗ ಅನ್ವೇಷಣಾ ವಿಭಾಗ ಇದೆ, ಮುಂದಿನ ರಕ್ತ ಪರೀಕ್ಷೆಗೂ ಅಲ್ಲಿ ವಿಚಾರಿಸಬಹುದು.

ಈಗ ಮಾಡಬೇಕಾದದ್ದು. ಉಳಿದ ಕೋಳಿಗಳನ್ನು ಹೆದರಿ ಸಂತೆಗೆ ಕಳಿಸಬೇಡಿ. ನಿಮ್ಮ ಮನೆಗೆ ಬಂದದ್ದು ಹಾಗೆ ಕಳಿಸಿದವರಿಂದಲೇ. ಸತ್ತವನ್ನು ಆಳ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ, ಬಾವಿಯಿಂದ ದೂರ. ಈ ರೋಗಕ್ಕೆ ಔಷಧಿ ಇಲ್ಲ. ಆಂಟಿಬಯೋಟಿಕ್ ವೈರಸ್ಸಿಗೆ ತಾಗುವುದಿಲ್ಲ, ಅದರ ಮೇಲೆ ದುಡ್ಡು ಸುರಿಯಬೇಡಿ. ಕುತ್ತಿಗೆ ತಿರುಚಿಕೊಂಡು ಉಳಿದವು ಸರಿಹೋಗುವುದು ಅಪರೂಪ. ಸಾವು ನಿಂತ ಮೇಲೆ ಹಾಸಿಗೆ ಹೊಟ್ಟನ್ನೆಲ್ಲ ಕೆರೆದು ತೆಗೆದು, ಸೋಪು ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಬ್ಲೀಚಿಂಗ್ ಪೌಡರ್ ದ್ರಾವಣ ಸಿಂಪಡಿಸಿ. ಈ ವೈರಸ್ಸಿಗೆ ಕೊಬ್ಬಿನ ಹೊರಹೊದಿಕೆ ಇರುವುದರಿಂದ ಸೋಪನ್ನು ಅದು ತಾಳಲಾರದು, ಬಿಸಿಲನ್ನೂ ತಾಳಲಾರದು. ಆದರೆ ಹಿಕ್ಕೆಯ ಹೆಪ್ಪಿನೊಳಗೆ ಅಡಗಿದರೆ ವಾರಗಟ್ಟಲೆ ಉಳಿಯುತ್ತದೆ, ಹಾಗಾಗಿ ಕೆರೆಯದೆ ಮೇಲೆ ಮೇಲೆ ಸಿಂಪಡಿಸಿ ಪ್ರಯೋಜನವಿಲ್ಲ. ಶೆಡ್ ಕನಿಷ್ಠ ಒಂದು ತಿಂಗಳು ಖಾಲಿ ಇರಲಿ. ಉಳಿದ 370 ಕೋಳಿ ಮತ್ತು ನಲವತ್ತರಲ್ಲಿ ಬದುಕಿದ ಹುಂಜಗಳಿಗೆ ಅಲ್ಲಿಯವರೆಗೆ ಬೇರೆ ಜಾಗ ಮಾಡಿ, ಹೊಸ ಮರಿಗಳ ಹತ್ತಿರ ಅವನ್ನು ಬಿಡಬೇಡಿ.

ಹೊಸ ಮರಿ ತಂದಾಗ ಐದರಿಂದ ಏಳನೇ ದಿನದೊಳಗೆ ಲಸೋಟಾ ಅಥವಾ ಎಫ್ ಎಂಬ ಹೆಸರಿನ ಇನ್ನೊಂದು ಸೌಮ್ಯ ಲಸಿಕೆ ತಳಿ, ಕಣ್ಣಿಗೆ ಹನಿ. ತಾಯಿ ಕೋಳಿಯಿಂದ ಬಂದ ಪ್ರತಿಕಾಯ ಮರಿಯ ಮೈಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ಅರ್ಧವಾಗುತ್ತ ಇಳಿಯುತ್ತದೆ. ಅದು ಜಾಸ್ತಿ ಇದ್ದಾಗ ಲಸಿಕೆ ಪೂರ್ತಿ ಹತ್ತುವುದಿಲ್ಲ, ಆದ್ದರಿಂದ ನಾಲ್ಕನೇ ವಾರ ಮತ್ತೊಮ್ಮೆ ಲಸೋಟಾ, ಅದೂ ಕಣ್ಣಿಗೇ. ಎಂಟರಿಂದ ಹತ್ತನೇ ವಾರದಲ್ಲಿ ಆರ್2ಬಿ ಅರ್ಧ ಮಿಲಿಲೀಟರ್ ಚುಚ್ಚುಮದ್ದು. ಲಸೋಟಾ ಹತ್ತದೆ ಇರುವ ಮರಿಗೆ ಆರ್2ಬಿ ಚುಚ್ಚಬಾರದು, ಅದರಿಂದಲೇ ಕಾಲು ಸೋತು ಬೀಳಬಹುದು. ಮೊಟ್ಟೆ ಇಡುತ್ತಿರುವ ಹೇಂಟೆಗಳಿಗೂ ಬೇಡ.

ಆರ್2ಬಿಗೆ ಮುಂಚೆ, ಎರಡನೇ ಲಸೋಟಾ ಆಗಿ ಮೂರು ವಾರಕ್ಕೆ ಹದಿನೈದಿಪ್ಪತ್ತು ಕೋಳಿಗಳ ರೆಕ್ಕೆಯ ನಾಳದಿಂದ ರಕ್ತ ತೆಗೆಸಿ, ಪ್ರತಿಕಾಯ ಎಷ್ಟಿದೆ ಎಂದು ಅಳೆಯುವ ಎಚ್‌ಐ ಪರೀಕ್ಷೆ ಮಾಡಿಸಿ. ಗಟ್ಟಿಯವು ಬಡಕಲು ಎರಡೂ ಇರಲಿ. ಸರಾಸರಿ ಅಂಕಿಯನ್ನಷ್ಟೇ ನೋಡಿ ಸಮಾಧಾನ ಪಡಬೇಡಿ. ಕೆಲವು 256ರಲ್ಲಿ, ಕೆಲವು 2ರಲ್ಲಿ ಇದ್ದರೆ ಲಸಿಕೆ ಅರ್ಧ ಹಿಂಡಿಗೆ ತಲುಪಿಲ್ಲ ಎಂದರ್ಥ. ಎಲ್ಲವೂ 16ರ ಮೇಲೆ, ಒಂದಕ್ಕೊಂದು ಹತ್ತಿರ ಇರುವುದು ನಮಗೆ ಬೇಕಾದದ್ದು. ಆ ವರದಿಯಲ್ಲಿ ಪ್ರತಿ ಕೋಳಿಯ ಅಂಕಿಯನ್ನೂ ಬೇರೆಬೇರೆಯಾಗಿ ಬರೆಸಿಕೊಂಡು ನನಗೆ ಕಳಿಸಿ. ಆರ್2ಬಿ ಎಂಟನೇ ವಾರಕ್ಕೋ ಹತ್ತಕ್ಕೋ, ಅದಕ್ಕೂ ಮುಂಚೆ ಇನ್ನೊಂದು ಹನಿ ಬೇಕೋ ಎಂಬುದನ್ನು ಆ ಅಂಕಿಗಳನ್ನು ನೋಡಿಯೇ ಹೇಳುತ್ತೇನೆ.